ವಿಜಯಾ ಎಣ್ಣೆ ಮತ್ತು ರಕ್ತ ತೆಳು ಮಾಡುವ ಮಾತ್ರೆ: ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ

ನಿಮ್ಮ ಮನೆಯಲ್ಲಿ ಯಾರಾದರೂ ವಾರ್ಫರಿನ್‌ನಂತಹ ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದು, ಮೊಬೈಲಿನಲ್ಲಿ ಬರುವ ‘ವಿಜಯಾ ಎಣ್ಣೆ’ಯ ಜಾಹೀರಾತು ನಿಮ್ಮ ಕಣ್ಣಿಗೂ ಬೀಳುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ವಿಜಯಾ ಎಂದರೆ ಭಂಗಿ ಸೊಪ್ಪು, ಅಂದರೆ ಗಾಂಜಾ ಗಿಡದ ಎಲೆ. ಸಂಸ್ಕೃತದ ಹೆಸರಿಟ್ಟರೆ ಮನೆಯೊಳಗೆ ಸಲೀಸಾಗಿ ಬರುತ್ತದೆ, ಅಷ್ಟೇ.

ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ. ಅಮ್ಮ ನಲವತ್ತು ವರ್ಷ ರೇಷ್ಮೆ ಹುಳು ಸಾಕಿದವರು. ಹಿಪ್ಪುನೇರಳೆ ಸೊಪ್ಪು ಹೊತ್ತು, ಹಣ್ಣಾದ ಹುಳುಗಳನ್ನು ನೆಲದ ಮೇಲೆ ಕುಳಿತು ಆರಿಸಿ, ಅವು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟು ಬಿಟ್ಟು ಮಂಡಿಗಳೆರಡೂ ಸವೆದಿವೆ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರ ಹೃದಯದ ಕವಾಟವನ್ನು ಕೆಡಿಸಿದ್ದರಿಂದ ಹನ್ನೊಂದು ವರ್ಷದ ಹಿಂದೆ ಬೆಂಗಳೂರಿನಲ್ಲಿ ಕೃತಕ ಕವಾಟ ಹಾಕಿದರು. ಅಂದಿನಿಂದ ದಿನವೂ ವಾರ್ಫರಿನ್. ರಕ್ತ ಎಷ್ಟು ತೆಳುವಾಗಿದೆ ಎಂದು ತಿಳಿಯಲು ತಿಂಗಳಿಗೊಮ್ಮೆ ಐಎನ್‌ಆರ್ ಪರೀಕ್ಷೆ. ಮಾತ್ರೆ ನುಂಗದವರಲ್ಲಿ ಅದು ಸುಮಾರು 1 ಇರುತ್ತದೆ, ಅಮ್ಮನದು 2.5ರಿಂದ 3.5ರೊಳಗೆ ಇರಬೇಕು. ಕಡಿಮೆಯಾದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ಎಲ್ಲೆಂದರಲ್ಲಿ ಸೋರುತ್ತದೆ.

ಇಂಥವರಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳನ್ನು ಕೊಡುವಂತಿಲ್ಲ. ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯವಿದೆ. ರಾತ್ರಿಯೆಲ್ಲ ಮಂಡಿ ಒತ್ತಿಕೊಂಡು ಕೂರುವ ಅಮ್ಮನನ್ನು ನೋಡಲಾಗದೆ ನಾನು ಬೇರೆ ದಾರಿ ಹುಡುಕಲು ಹೊರಟೆ.

ಕಣ್ಣುಮುಚ್ಚಿ ಕೊಂಡವನಲ್ಲ ನಾನು. ಸಾಕಷ್ಟು ಓದಿದ್ದೆ. ಗಾಂಜಾ ಗಿಡದ ಟಿಎಚ್‌ಸಿ ಎಂಬ ಅಂಶವನ್ನು ಕೃತಕವಾಗಿ ತಯಾರಿಸಿದ ಡ್ರೊನಾಬಿನಾಲ್ ಎಂಬ ಮಾತ್ರೆಗೆ, ಕಿಮೊಥೆರಪಿಯ ವಾಂತಿ ತಡೆಯಲೆಂದು ಅಮೆರಿಕ 1985ರಲ್ಲೇ ಅನುಮತಿ ಕೊಟ್ಟಿದೆ. ಮಕ್ಕಳನ್ನು ಕಾಡುವ ಎರಡು ಬಗೆಯ ಕಠಿಣ ಅಪಸ್ಮಾರಕ್ಕೆ, ಅದೇ ಗಿಡದಿಂದ ತೆಗೆದ ಕ್ಯಾನಬಿಡಿಯಾಲ್ ಇರುವ ಎಪಿಡಿಯೊಲೆಕ್ಸ್ 2018ರಲ್ಲಿ ಬಂತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವವರ ಸ್ನಾಯು ಬಿಗಿತಕ್ಕೆ ಬಾಯಿಗೆ ಸಿಂಪಡಿಸುವ ಔಷಧವೊಂದು ಬ್ರಿಟನ್ನಿನಲ್ಲಿದೆ. ಓದಿದ್ದೆಲ್ಲ ನಿಜ. ಆದರೆ ಅದರಲ್ಲಿ ಒಂದೂ ಸವೆದ ಮಂಡಿಯಲ್ಲ ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ. ಜಾಹೀರಾತಿನಲ್ಲಿ ಅಪಸ್ಮಾರ, ಕ್ಯಾನ್ಸರ್, ನಿದ್ರಾಹೀನತೆ, ಮಂಡಿ ನೋವು ಎಲ್ಲವೂ ಒಂದೇ ಸಾಲಿನಲ್ಲಿದ್ದವು. ಮೊದಲ ಹೆಸರಿನ ಮೇಲಿದ್ದ ನಂಬಿಕೆ ಕೊನೆಯ ಹೆಸರಿಗೂ ಹರಿದುಬಂತು.

ವೀಡಿಯೊ ಕರೆಯಲ್ಲಿ ಕಂಪನಿಯ ವೈದ್ಯರು ಸಿಕ್ಕರು. ನಾಲ್ಕು ನಿಮಿಷ. ವಯಸ್ಸೆಷ್ಟು, ತೂಕವೆಷ್ಟು, ನೋವೆಲ್ಲಿ ಎಂದು ಕೇಳಿದರು. ಬೇರೆ ಯಾವ ಮಾತ್ರೆ ನುಂಗುತ್ತಾರೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೂರು ದಿನಕ್ಕೆ 30 ಮಿ.ಲೀ. ಬಾಟಲಿ ಬಂತು. ಮೇಲೆ ‘ವಿಜಯಾ ಪತ್ರ ಸಾರ 3000 ಮಿ.ಗ್ರಾಂ’ ಎಂದು ದಪ್ಪಕ್ಷರ. ಸಾರದ ತೂಕವೇನೋ ಗೊತ್ತಾಯಿತು. ಅದರೊಳಗೆ ಕ್ಯಾನಬಿಡಿಯಾಲ್ ಎಷ್ಟು, ಅಮಲು ತರಿಸುವ ಟಿಎಚ್‌ಸಿ ಎಷ್ಟು ಎಂಬುದು ಬಾಟಲಿಯ ಮೇಲೆ ಎಲ್ಲಿಯೂ ಇರಲಿಲ್ಲ.

ಕಾನೂನಿನ ಬಗ್ಗೆಯೂ ಒಂದು ಮಾತು, ಏಕೆಂದರೆ ನನ್ನ ಮೊದಲ ಹೆದರಿಕೆ ಪೊಲೀಸರದಾಗಿತ್ತು. 1985ರ ಮಾದಕ ವಸ್ತುಗಳ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ-ಕಾಯಿಯ ತುದಿ. ತುದಿಯಿಂದ ಬೇರೆಯಾದ ಎಲೆ ಮತ್ತು ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಎಲೆಯಿಂದ ತೆಗೆದ ಸಾರ ಆಯುರ್ವೇದ ಔಷಧವೆಂದು ಪರವಾನಗಿ ಪಡೆದು ಬರುವುದು ಹೀಗೆ. ಅಂಗಡಿಯಲ್ಲಿ ಸಿಗುವ ಬೀಜದ ಎಣ್ಣೆ ಮತ್ತೊಂದು. 2021ರಿಂದ ಅದು ಬರೀ ಆಹಾರ ಪದಾರ್ಥ. ಕಾನೂನುಬದ್ಧ ಎಂದು ಖಾತ್ರಿಯಾದ ಕೂಡಲೇ ನಿರಪಾಯಕಾರಿ ಎಂದೂ ಖಾತ್ರಿ ಮಾಡಿಕೊಂಡುಬಿಟ್ಟೆ. ಆಯುರ್ವೇದದ ಔಷಧಗಳಲ್ಲಿ ವೈದ್ಯರ ಮೇಲ್ವಿಚಾರಣೆಯಲ್ಲೇ ಕೊಡಬೇಕಾದ ವಿಷದ್ರವ್ಯಗಳ ಪಟ್ಟಿಯೊಂದು ಸರ್ಕಾರದ ಔಷಧ ನಿಯಮಗಳಲ್ಲಿದೆ. ಭಂಗಿ ಆ ಪಟ್ಟಿಯಲ್ಲಿದೆ. ಬಾಟಲಿಯ ಹಿಂಬದಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಆ ಎಚ್ಚರಿಕೆಯೂ ಇತ್ತು. ಓದಿದ್ದು ಆಸ್ಪತ್ರೆಯಲ್ಲಿ.

ಮೊದಲ ರಾತ್ರಿ ಐದು ಹನಿ ಕೊಟ್ಟೆ. ಒಂದು ಗಂಟೆಯಾದರೂ ಏನೂ ಆಗಲಿಲ್ಲವೆಂದು ಇನ್ನೈದು ಹನಿ. ನುಂಗಿದ ಭಂಗಿ ತಲೆಗೇರಲು ಎರಡು ಗಂಟೆಯೂ ಹಿಡಿಯಬಹುದು ಎಂದು ಯಾರೂ ಹೇಳಿರಲಿಲ್ಲ. ನಡುರಾತ್ರಿ ಅಮ್ಮ ಗೋಡೆ ಹಿಡಿದು ನಿಂತು, “ಮನೆ ಜೋಕಾಲಿ ಆಡುತ್ತಿದೆ ಕಣೋ” ಎಂದರು. ಆಗ ಬಿದ್ದಿದ್ದರೆ, ರಕ್ತ ತೆಳುವಾದ ಮೈಯಲ್ಲಿ ತಲೆಗೆ ಪೆಟ್ಟು ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಈಗ ನೆನೆದರೂ ನಡುಗುತ್ತೇನೆ. ಮರುದಿನದಿಂದ ಮೂರು ಹನಿಗೆ ಇಳಿಸಿದೆ.

ಮೂರು ಹನಿಯಲ್ಲಿ ಗುಣವೂ ಕಂಡಿತು, ಅದನ್ನು ಮುಚ್ಚಿಡುವುದಿಲ್ಲ. ನಿದ್ದೆ ಬಂತು. ಎರಡು ವಾರಕ್ಕೆ ಅಮ್ಮ ತೋಟದ ತನಕ ನಡೆದು ಹೋದರು. ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ನಾಲ್ಕನೇ ವಾರ ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ. ಬಳೆ ತಾಗಿದಲ್ಲೆಲ್ಲ ಕೈ ನೀಲಿಗಟ್ಟಿತು. ಚಿಕ್ಕಬಳ್ಳಾಪುರದಲ್ಲಿ ಪರೀಕ್ಷೆ ಮಾಡಿಸಿದರೆ ಐಎನ್‌ಆರ್ 6.8. ಡಾಕ್ಟರ್ ಕೇಳಿದರು, “ಹೊಸ ಮಾತ್ರೆ, ಔಷಧಿ ಏನಾದರೂ ಶುರು ಮಾಡಿದ್ದೀರಾ?” ನಾನು ಇಲ್ಲ ಎಂದೆ. ಸುಳ್ಳು ಹೇಳಬೇಕೆಂದಲ್ಲ. ನನ್ನ ಲೆಕ್ಕದಲ್ಲಿ ಅದು ಔಷಧಿಯೇ ಆಗಿರಲಿಲ್ಲ, ಎಣ್ಣೆ. ಅವರು ವಾರ್ಫರಿನ್ ಎರಡು ದಿನ ನಿಲ್ಲಿಸಿ, ಪ್ರಮಾಣ ಇಳಿಸಿ ಕಳುಹಿಸಿದರು. ಮನೆಗೆ ಬಂದು ಅಂದು ರಾತ್ರಿಯೇ ಮೂರು ಹನಿ ಕೊಟ್ಟೆ.

ಒಂಬತ್ತು ದಿನದ ಮೇಲೆ ಮಲ ಡಾಂಬರಿನಂತೆ ಕಪ್ಪಾಯಿತು. ಅಮ್ಮ ಬಚ್ಚಲ ಬಾಗಿಲಲ್ಲೇ ಕುಸಿದರು. ಹಿಮೋಗ್ಲೋಬಿನ್ 7.4. ಬೆಂಗಳೂರಿಗೆ ಸಾಗಿಸಿ ಎರಡು ಬಾಟಲಿ ರಕ್ತ ಕೊಟ್ಟರು, ಆರು ದಿನ ಒಳರೋಗಿ. ಅಲ್ಲಿಯ ಡಾಕ್ಟರ್ ಮತ್ತೆ ಅದೇ ಪ್ರಶ್ನೆ ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಹಾಸಿಗೆಯಿಂದ ಅಮ್ಮನ ದನಿ ಬಂತು: “ನನ್ನ ಮಗ ರಾತ್ರಿ ಹೊತ್ತು ನಾಲಿಗೆಗೆ ಭಂಗಿ ಎಣ್ಣೆ ಬಿಡುತ್ತಾನೆ ಡಾಕ್ಟರೇ. ಒಳ್ಳೆಯ ನಿದ್ದೆ ಬರುತ್ತದೆ.” ವಾರ್ಡಿಗೆ ವಾರ್ಡೇ ನನ್ನ ಕಡೆ ತಿರುಗಿತು.

ಡಾಕ್ಟರ್ ಬೈಯಲಿಲ್ಲ, ಕೂರಿಸಿ ಹೇಳಿದರು. ವಾರ್ಫರಿನ್ ಅನ್ನು ಯಕೃತ್ತಿನ ಒಂದು ಕಿಣ್ವ ಒಡೆದು ಹೊರಹಾಕುತ್ತದೆ. ಕ್ಯಾನಬಿಡಿಯಾಲ್ ಆ ಕಿಣ್ವದ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಆಗ ದಿನಕ್ಕೊಂದೇ ಮಾತ್ರೆ ನುಂಗಿದರೂ ಮೈಯಲ್ಲಿ ಹೆಚ್ಚು ಉಳಿಯುತ್ತದೆ. ಅಪಸ್ಮಾರಕ್ಕೆ ಕ್ಯಾನಬಿಡಿಯಾಲ್ ತೆಗೆದುಕೊಳ್ಳುತ್ತಿದ್ದ ರೋಗಿಯೊಬ್ಬರಿಗೆ ವಾರ್ಫರಿನ್ ಪ್ರಮಾಣವನ್ನು ಸುಮಾರು ಶೇ 30ರಷ್ಟು ಇಳಿಸಬೇಕಾಯಿತು ಎಂಬ ವರದಿ 2018ರಲ್ಲೇ ಬಂದಿದೆಯಂತೆ. ಆ ರೋಗಿಗೆ ಕೊಟ್ಟಿದ್ದು ಭಾರಿ ಪ್ರಮಾಣ, ಅಮ್ಮನಿಗೆ ಕೊಟ್ಟಿದ್ದು ಹನಿಗಳು; ಆದ್ದರಿಂದ ಎಣ್ಣೆಯೇ ಕಾರಣ ಎಂದು ಅವರು ಆಣೆ ಮಾಡಿ ಹೇಳಲಿಲ್ಲ. ಆದರೆ ಎಣ್ಣೆ ನಿಂತ ಮೇಲೆ ಅಂಕಿ ಇಳಿಯುತ್ತಲೇ ಹೋಗಿ ಮೂರನೇ ವಾರ 1.9ಕ್ಕೆ ಬಂತು. ಈ ಬಾರಿ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವ ಭಯ, ಮತ್ತೆ ವಾರ್ಫರಿನ್ ಏರಿಸಿದರು. ಎಣ್ಣೆ ಶುರು ಮಾಡುವುದಷ್ಟೇ ಅಲ್ಲ, ಹೇಳದೆ ಕೇಳದೆ ನಿಲ್ಲಿಸುವುದೂ ಅಪಾಯ ಎಂಬುದು ನನಗೆ ಹೊಳೆದೇ ಇರಲಿಲ್ಲ. ನೀವು ಈಗಾಗಲೇ ಕೊಡುತ್ತಿದ್ದರೆ ಇಂದೇ ನಿಮ್ಮ ಡಾಕ್ಟರಿಗೆ ಹೇಳಿ, ಅವರ ಮಾತಿನಂತೆ ನಿಲ್ಲಿಸಿ.

ವಾರ್ಫರಿನ್ ಒಂದೇ ಅಲ್ಲ. ಅಪಸ್ಮಾರಕ್ಕೆ ಕೊಡುವ ಕ್ಲೊಬಜಾಮ್ ಜೊತೆ ಸೇರಿದರೆ ವಿಪರೀತ ಮಂಪರು, ವಾಲ್‌ಪ್ರೊಯೇಟ್ ಜೊತೆ ಯಕೃತ್ತಿಗೆ ತೊಂದರೆ, ಮೂತ್ರಪಿಂಡ ಕಸಿಯಾದವರು ನುಂಗುವ ಟ್ಯಾಕ್ರೊಲಿಮಸ್‌ನ ಮಟ್ಟವೂ ರಕ್ತದಲ್ಲಿ ಏರಬಹುದು.

ಕಂಪನಿಗೆ ಬರೆದೆ. ‘ನಮ್ಮ ಉತ್ಪನ್ನ ಶೇ 100ರಷ್ಟು ನೈಸರ್ಗಿಕ’ ಎಂಬ ಉತ್ತರ ಬಂತು. ವಾರದ ಮೇಲೆ, ನಿಮ್ಮ ಬಾಟಲಿ ಮುಗಿಯುವ ಹೊತ್ತಾಯಿತು, ಈಗ ಕೊಂಡರೆ ಶೇ 15 ರಿಯಾಯಿತಿ ಎಂಬ ಸಂದೇಶವೂ ಬಂತು.

ಅಮ್ಮ ಈಗ ಮಂಡಿಗೆ ಫಿಸಿಯೋಥೆರಪಿ ಮಾಡಿಸಿಕೊಳ್ಳುತ್ತಿದ್ದಾರೆ. ತೀರಾ ನೋವಾದರೆ ಡಾಕ್ಟರ್ ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್. ಅದೂ ಹೆಚ್ಚಾದರೆ ಐಎನ್‌ಆರ್ ಏರಿಸುತ್ತದಂತೆ, ಹಾಗಾಗಿ ನುಂಗಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತೇನೆ. ಮೊನ್ನೆ ಕಷಾಯಕ್ಕೆ ಶುಂಠಿ ಜಜ್ಜುತ್ತಿದ್ದಾಗ, “ಇದನ್ನೂ ಬರೆದುಕೊಂಡೆಯೇನೋ?” ಎಂದು ಕೇಳಿದರು. ಬರೆದುಕೊಂಡಿದ್ದೆ.