ಟ್ಯಾಂಕೋ, ರಿವರ್ಸೋನೋ? ಮೊದಲು ಮಣಿಕಟ್ಟು ಅಳೆಯಿರಿ

ಆಯತಾಕಾರದ ವಾಚ್ ಕೊಳ್ಳುವಾಗ ಅಗಲಕ್ಕಿಂತ ಉದ್ದ ಮುಖ್ಯ. ಉದ್ದವೇ ಮಣಿಕಟ್ಟಿನ ಮೇಲೆ ಅಡ್ಡಲಾಗಿ ಕೂರುವುದು. ಸುತ್ತಳತೆಗೆ ದಾರ ಸಾಕು. ಜೊತೆಗೆ ಮೇಲಿನ ಚಪ್ಪಟೆ ಜಾಗಕ್ಕೂ ಸ್ಕೇಲ್ ಇಟ್ಟು ನೋಡಿ.

ಫ್ರೆಂಚ್ ಕಂಪನಿ ಕಾರ್ಟಿಯೇ 1917ರಲ್ಲಿ ರೂಪಿಸಿದ ಟ್ಯಾಂಕ್ ವಾಚ್ ಸಣ್ಣ ಕೈಗಳ ನೆಂಟ. ಈಗಿನ 'ಟ್ಯಾಂಕ್ ಮಸ್ಟ್'ನ 'ಲಾರ್ಜ್' ಮಾದರಿ ಎಂದರೂ 33.7 x 25.5 ಮಿ.ಮೀ. ಅಷ್ಟೇ. ಆರು, ಆರೂವರೆ ಇಂಚು ಸುತ್ತಳತೆಯ ಕೈಗೆ ಅದು ಹೊಂದುತ್ತದೆ. ತೀರಾ ಸಪೂರ ಕೈಯಾದರೆ 29.5 x 22ರ ಚಿಕ್ಕದು ಇದೆ.

ಜೇಗರ್-ಲಕೂಲ್ಟ್ರ್ ಕಂಪನಿಯ ರಿವರ್ಸೋ ಬೇರೆಯದೇ ಜಾತಿ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಪೋಲೋ ಆಡುತ್ತಿದ್ದವರ ವಾಚಿನ ಗಾಜು ಒಡೆಯುತ್ತಿತ್ತೆಂದು 1931ರಲ್ಲಿ ಹುಟ್ಟಿದ್ದು. ಹೆಬ್ಬೆರಳಿನಿಂದ ಪಕ್ಕಕ್ಕೆ ಜಾರಿಸಿ ಮಗುಚಿದರೆ ಡಯಲ್ ಒಳಗೆ ಅಡಗಿ, ಉಕ್ಕಿನ ಬೆನ್ನು ಮೇಲೆ ಬರುತ್ತದೆ. ಆದರೆ ಉದ್ದ ಜಾಸ್ತಿ: ಕ್ಲಾಸಿಕ್ ಮೀಡಿಯಂ 40.1 x 24.4, ಸೆಕೆಂಡಿಗೆ ಪ್ರತ್ಯೇಕ ಪುಟ್ಟ ಡಯಲ್ ಇರುವ ಟ್ರಿಬ್ಯೂಟ್ 45.6 x 27.4. ಟ್ರಿಬ್ಯೂಟ್‌ಗೆ ಏಳು ಇಂಚಿನ ಕೈಯಾದರೂ ಬೇಕು, ಇಲ್ಲದಿದ್ದರೆ ತುದಿಗಳು ಹೊರಗೆ ಚಾಚುತ್ತವೆ.

ಆರೂವರೆಯ ಕೈಗೆ ನನ್ನ ಆಯ್ಕೆ ಕ್ಲಾಸಿಕ್ ಮೀಡಿಯಂ. ದಿನಾ ತುಂಬುತೋಳಿನ ಶರ್ಟ್ ಹಾಕುವವರಾದರೆ, ಕಫ್ ಕೆಳಗೆ ಸಲೀಸಾಗಿ ಜಾರುವ ಟ್ಯಾಂಕ್ ತೆಗೆದುಕೊಳ್ಳಿ.