ಬೋರ್ಡಿನಲ್ಲಿ ‘ಹೋಮ್ ನರ್ಸಿಂಗ್’, ಮನೆಗೆ ಬರುವವರು ಯಾರು? ತುಮಕೂರಿನ ಮನೆ ಆರೈಕೆ ಸೇವೆಯೊಂದರ ವಿಮರ್ಶೆ

ನಮ್ಮ ತಾಯಿಗೆ 81 ವರ್ಷವಾಗಿತ್ತು. ಅನ್ನನಾಳದ ಕ್ಯಾನ್ಸರ್ ಯಕೃತ್ತಿಗೂ ಹರಡಿದೆ, ಇನ್ನು ಕೀಮೋ ಕೊಟ್ಟರೆ ಗುಣಕ್ಕಿಂತ ಹಿಂಸೆಯೇ ಹೆಚ್ಚಾದೀತು ಎಂದು ಬೆಂಗಳೂರಿನ ವೈದ್ಯರು ತಿಳಿಸಿದ ಮೇಲೆ, ಅವರ ಇಚ್ಛೆಯಂತೆ ಅವರನ್ನು ತುಮಕೂರಿನ ಸೋಮೇಶ್ವರಪುರಂನಲ್ಲಿರುವ ನಮ್ಮ ಮನೆಗೆ ಕರೆತಂದೆವು. ಮೂಗಿನಲ್ಲಿ ಆಹಾರ ಕೊಡುವ ರೈಲ್ಸ್ ಟ್ಯೂಬು, ಮೂತ್ರಕ್ಕೆ ಕ್ಯಾತಿಟರ್, ನೋವಿಗೆ ಮಾರ್ಫಿನ್ ಮಾತ್ರೆ. ಮನೆಯಲ್ಲಿ ನಾನು, ಮಂಡಿನೋವಿನ ನನ್ನ ಹೆಂಡತಿ, ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮರಳುವ ಮಗಳು. ಹೊರಗಿನವರ ನೆರವಿಲ್ಲದೆ ಇದು ಸಾಗದು ಎಂಬುದು ಮೊದಲ ರಾತ್ರಿಯೇ ಗೊತ್ತಾಯಿತು. ಮುಂದಿನ ನಾಲ್ಕು ತಿಂಗಳಲ್ಲಿ ನಾವು ಎರಡು ಸಂಸ್ಥೆಗಳ ಸೇವೆ ಪಡೆದೆವು. ಈ ವಿಮರ್ಶೆ ಎರಡನೆಯದರ ಕುರಿತು, ಆದರೆ ಅದರ ಬೆಲೆ ತಿಳಿಯಬೇಕಾದರೆ ಮೊದಲನೆಯದರ ಅನುಭವವನ್ನೂ ಹೇಳಲೇಬೇಕು. ಎರಡರ ಹೆಸರನ್ನೂ ಬರೆಯುತ್ತಿಲ್ಲ. ಇಂಥ ಸಂಸ್ಥೆಗೆ ಫೋನ್ ಮಾಡುವ ಮೊದಲು ಏನನ್ನು ಕೇಳಬೇಕು ಎಂಬುದು ಓದುಗರಿಗೆ ತಿಳಿದರೆ ಸಾಕು ಎಂಬುದು ನನ್ನ ಉದ್ದೇಶ.

ಮೊದಲ ಸಂಸ್ಥೆಯ ಬೋರ್ಡಿನಲ್ಲಿ ‘ಹೋಮ್ ನರ್ಸಿಂಗ್ ಸರ್ವಿಸ್’ ಎಂದಿತ್ತು. ಬಿಳಿ ಕೋಟು ತೊಟ್ಟ ಒಬ್ಬ ಹುಡುಗಿಯನ್ನು ಕಳಿಸಿ, ‘ಇವರು ನಿಮ್ಮ ಸಿಸ್ಟರ್’ ಎಂದು ಪರಿಚಯಿಸಿದರು. ಮೂರನೆಯ ದಿನ ರಾತ್ರಿ ತಾಯಿಯ ಟ್ಯೂಬು ಕಳಚಿಕೊಂಡಿತು. ಆಕೆ ಅದನ್ನು ಮತ್ತೆ ಒಳಗೆ ತೂರಿಸಲು ಹೋದಾಗ ತಾಯಿಗೆ ವಿಪರೀತ ಕೆಮ್ಮು ಹತ್ತಿ ಮುಖ ಕಪ್ಪಿಟ್ಟಿತು. ನಾನು ತಡೆದು ಕೇಳಿದಾಗ ಹುಡುಗಿ ಅಳುತ್ತಾ, ‘ಅಂಕಲ್, ನಾನು ನರ್ಸಿಂಗ್ ಓದಿಲ್ಲ, ಕೆಲಸಕ್ಕೆ ಸೇರಿ ಎರಡು ತಿಂಗಳಾಯ್ತು, ಹಾಕ್ತೀಯಾ ಅಂದ್ರೆ ಹಾಕ್ತೀನಿ ಅನ್ನು ಅಂತ ಹೇಳಿ ಕಳಿಸಿದ್ರು’ ಎಂದಳು. ಆಹಾರನಾಳಕ್ಕೆ ಹೋಗಬೇಕಾದ ಟ್ಯೂಬು ಶ್ವಾಸನಾಳಕ್ಕೆ ಹೋದರೆ, ಅದು ಗೊತ್ತಾಗದೆ ಅದರಲ್ಲಿ ಗಂಜಿ ಬಿಟ್ಟರೆ, ಪರಿಣಾಮವೇನು ಎಂಬುದು ಬಲ್ಲವರಿಗೆ ಗೊತ್ತು. ಆ ಹುಡುಗಿಯ ಮೇಲೆ ನನಗೆ ಅಂದೂ ಸಿಟ್ಟು ಬರಲಿಲ್ಲ, ಇಂದೂ ಇಲ್ಲ. ತಾಯಿಯ ಮೈ ಒರೆಸುವುದನ್ನೂ, ಮಗ್ಗುಲು ಬದಲಿಸುವುದನ್ನೂ ಆಕೆ ಅಕ್ಕರೆಯಿಂದ ಮಾಡಿದ್ದಳು. ಆಕೆಗೆ ಹೊರಲಾಗದ ಹೊರೆಯನ್ನು ಆಕೆಯ ತಲೆಯ ಮೇಲಿಟ್ಟವರದೇ ತಪ್ಪು.

ವಾರದ ಕೊನೆಗೆ ಬಿಲ್ಲು ಬಂದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಬಿಲ್ಲುಗಳನ್ನೇ ನೋಡಿದವನಾದ ನನಗೆ ವಿವರಣೆಯ ಸಾಲನ್ನು ಓದದೆ ಬಿಡುವ ಅಭ್ಯಾಸವಿಲ್ಲ. ಅಲ್ಲಿ ‘ಮಾನವಶಕ್ತಿ ಪೂರೈಕೆ’ ಎಂದು ಬರೆದು ಶೇಕಡಾ 18ರಷ್ಟು ಜಿಎಸ್‌ಟಿ ಸೇರಿಸಿದ್ದರು. ವೈದ್ಯಕೀಯ ಸಂಸ್ಥೆ, ವೈದ್ಯರು ಮತ್ತು ಅರೆವೈದ್ಯಕೀಯ ಸಿಬ್ಬಂದಿ ನೀಡುವ ಆರೋಗ್ಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅಂದರೆ, ತಾವು ಕೊಡುತ್ತಿರುವುದು ಶುಶ್ರೂಷೆಯಲ್ಲ, ಕೆಲಸದಾಳು ಎಂದು ಆ ಸಂಸ್ಥೆ ತನ್ನ ಕೈಯಾರೆ ಬರೆದುಕೊಟ್ಟಂತಾಗಿತ್ತು. ಬೋರ್ಡಿನಲ್ಲಿ ನರ್ಸಿಂಗ್, ಬಿಲ್ಲಿನಲ್ಲಿ ಮಾನವಶಕ್ತಿ. ಮಾರನೆಯ ದಿನವೇ ಆ ಸೇವೆಯನ್ನು ನಿಲ್ಲಿಸಿದೆ.

ಅಮೆರಿಕದಲ್ಲಿರುವ ನನ್ನ ತಮ್ಮನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅವನು ಕೇಳಿದ ಮೊದಲ ಪ್ರಶ್ನೆ, ‘ಅಣ್ಣಾ, ಅವರು ಹೋಮ್ ಹೆಲ್ತ್‌ನವರೋ, ಬರೀ ಹೋಮ್ ಕೇರ್‌ನವರೋ?’ ಎಂಬುದು. ನನಗೆ ಎರಡೂ ಒಂದೇ ಅನ್ನಿಸಿತ್ತು. ಅಲ್ಲಿ ಹಾಗಲ್ಲವಂತೆ. ಹೋಮ್ ಹೆಲ್ತ್ ಎಂದರೆ ವೈದ್ಯರ ಆದೇಶದ ಮೇಲೆ ನೋಂದಾಯಿತ ನರ್ಸ್ ಅಥವಾ ಚಿಕಿತ್ಸಕರು ಮನೆಗೆ ಬಂದು ಮಾಡುವ ವೈದ್ಯಕೀಯ ಕೆಲಸ. ಹೋಮ್ ಕೇರ್ ಎಂದರೆ ಸ್ನಾನ, ಊಟ, ಬಟ್ಟೆ, ಜೊತೆಗಿರುವಿಕೆ. ಹಾಸ್ಪೈಸ್ ಎಂಬುದು ಮೂರನೆಯದು. ರೋಗ ತನ್ನ ಸಹಜ ಗತಿಯಲ್ಲಿ ಸಾಗಿದರೆ ಆಯುಷ್ಯ ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಎಂದು ವೈದ್ಯರು ಪ್ರಮಾಣೀಕರಿಸಿದಾಗ, ರೋಗವನ್ನು ಗುಣಪಡಿಸುವ ಪ್ರಯತ್ನವನ್ನು ಬಿಟ್ಟು ನೋವನ್ನು ಶಮನಗೊಳಿಸುವುದಕ್ಕಾಗಿಯೇ ಇರುವ ಆರೈಕೆ ಅದು. ಅದರ ವೆಚ್ಚವನ್ನು ಅಲ್ಲಿನ ಮೆಡಿಕೇರ್ ವಿಮೆ ಭರಿಸುತ್ತದೆ. ಮೊದಲು ತೊಂಬತ್ತು ದಿನಗಳ ಎರಡು ಅವಧಿ, ಆಮೇಲೆ ಅರವತ್ತು ದಿನಗಳಿಗೊಮ್ಮೆ ಮರುಪ್ರಮಾಣೀಕರಣ. ಮನೆಯವರ ದುಃಖಕ್ಕೂ ಸಾವಿನ ನಂತರ ಒಂದು ವರ್ಷದವರೆಗೆ ನೆರವು ನೀಡುವುದು ಹಾಸ್ಪೈಸಿನ ಕರ್ತವ್ಯವೇ ಆಗಿದೆ. ಒಂದೊಂದು ಪದಕ್ಕೂ ಅಲ್ಲಿ ಒಂದೊಂದು ನಿಯಮಾವಳಿಯ ಬೆನ್ನೆಲುಬಿದೆ.

ನಮ್ಮಲ್ಲಿ ಆ ಪದಗಳು ಬಂದಿವೆ, ನಿಯಮಗಳು ಬೇರೆ ಬೇರೆ ಕಡೆ ಹರಡಿಕೊಂಡಿವೆ. ಕೇಂದ್ರದ 2010ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆಯ ಬದಲು ಕರ್ನಾಟಕದಲ್ಲಿ ಜಾರಿಯಲ್ಲಿರುವುದು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಎಲ್ಲರೂ ಕೆಪಿಎಂಇ ಎನ್ನುವುದು. ಆಸ್ಪತ್ರೆ, ನರ್ಸಿಂಗ್ ಹೋಮ್, ಪ್ರಯೋಗಾಲಯ, ಸ್ಕ್ಯಾನಿಂಗ್ ಕೇಂದ್ರ, ಫಿಸಿಯೋಥೆರಪಿ ಕೇಂದ್ರ, ಕ್ಲಿನಿಕ್ ಎಲ್ಲವೂ ಅದರಡಿ ನೋಂದಣಿಯಾಗಬೇಕು. ಜಿಲ್ಲಾಧಿಕಾರಿ ಅಧ್ಯಕ್ಷರಾಗಿಯೂ ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿಯಾಗಿಯೂ ಇರುವ ಜಿಲ್ಲಾ ಪ್ರಾಧಿಕಾರ ನೋಂದಣಿ ನೀಡುತ್ತದೆ, ದೂರನ್ನೂ ಅಲ್ಲಿಯೇ ಕೊಡಬಹುದು. ನೋಂದಣಿಯ ಅವಧಿ ಐದು ವರ್ಷ. ದರಪಟ್ಟಿಯನ್ನು ಎದ್ದು ಕಾಣುವಂತೆ ಹಾಕಬೇಕು. 2017ರ ತಿದ್ದುಪಡಿಯಿಂದ ರೋಗಿಗಳ ಹಕ್ಕುಪಟ್ಟಿಯೂ ಸೇರಿದೆ. ನರ್ಸಿಂಗ್ ಹೋಮ್ ಎಂದರೆ ಹಾಸಿಗೆಗಳಿರುವ ಕಟ್ಟಡ, ಹೋಮ್ ನರ್ಸಿಂಗ್ ಎಂದರೆ ಮನೆಗೆ ಜನ ಕಳಿಸುವ ಕೆಲಸ. ಎರಡು ಪದಗಳನ್ನು ಹಿಂದುಮುಂದು ಮಾಡಿದೊಡನೆ ಅರ್ಥ ಬದಲಾಗುತ್ತದೆ, ಆದರೆ ಕೇಳುವವರ ಕಿವಿಗೆ ಅದೇ ಭರವಸೆ ಉಳಿದುಬಿಡುತ್ತದೆ. ಮೋಸಹೋಗುವುದು ಇಲ್ಲಿಯೇ. ಕೋಲಾರದ ನಮ್ಮ ಷಡ್ಡಕರು 2024ರಲ್ಲಿ ಅವರ ಜಿಲ್ಲೆಯಲ್ಲಿ ಮೊದಲು ಆರಂಭವಾದ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಹಾಸಿಗೆ ಹಿಡಿದವರಿಗೆ ನರ್ಸ್ ಸಿಗುತ್ತಾರೆಂದು ನಂಬಿದ್ದರು. ಅದು ಮನೆ ಬಾಗಿಲಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ಮುಂತಾದವನ್ನು ತಪಾಸಣೆ ಮಾಡುವ ಒಳ್ಳೆಯ ಯೋಜನೆ, ಮಗ್ಗುಲಲ್ಲಿ ಕುಳಿತು ಆರೈಕೆ ಮಾಡುವುದಕ್ಕಲ್ಲ.

ಎರಡನೆಯ ಸಂಸ್ಥೆಯ ಕಚೇರಿ ಬಿ.ಎಚ್. ರಸ್ತೆಯಿಂದ ಒಳಗೆ ಒಂದು ಅಡ್ಡರಸ್ತೆಯಲ್ಲಿದೆ. ಅದೇ ಕಟ್ಟಡದಲ್ಲಿ ಅವರದೊಂದು ಕ್ಲಿನಿಕ್ ಇದ್ದು, ಅದರ ಕೆಪಿಎಂಇ ಪ್ರಮಾಣಪತ್ರವೂ ದರಪಟ್ಟಿಯೂ ಗೋಡೆಯ ಮೇಲಿದ್ದವು. ಇವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಪ್ರಮಾಣಪತ್ರದಿಂದಲ್ಲ, ಮೊದಲ ಭೇಟಿಯ ಮಾತಿನಿಂದ. ಮೇಲ್ವಿಚಾರಕಿಯಾಗಿದ್ದ ಹಿರಿಯ ನರ್ಸ್ ನಮ್ಮ ಮನೆಗೇ ಬಂದು ತಾಯಿಯನ್ನು ಅರ್ಧ ಗಂಟೆ ನೋಡಿದರು, ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು ಶುರುವಾಗಿರುವುದನ್ನು ನಮಗೆ ತೋರಿಸಿದರು. ಆಮೇಲೆ ಒಂದು ಹಾಳೆಯಲ್ಲಿ ಬರೆದು ವಿವರಿಸಿದ್ದು ಹೀಗೆ: ‘ಸರ್, ನಿಮ್ಮ ತಾಯಿಯವರಿಗೆ ಇಡೀ ದಿನ ನರ್ಸ್ ಬೇಕಾಗಿಲ್ಲ. ಹಗಲು ಹನ್ನೆರಡು ಗಂಟೆ ಒಬ್ಬ ಆರೈಕೆ ಸಹಾಯಕಿ ಇರುತ್ತಾಳೆ, ಅವಳು ಕೆಲವು ತಿಂಗಳ ತರಬೇತಿ ಪಡೆದವಳು, ನರ್ಸ್ ಅಲ್ಲ. ಟ್ಯೂಬು, ಕ್ಯಾತಿಟರ್, ಇಂಜೆಕ್ಷನ್ ಇವನ್ನು ಅವಳು ಮುಟ್ಟಬಾರದು, ನೀವೂ ಮುಟ್ಟಿಸಬಾರದು. ಅದಕ್ಕೆ ವಾರಕ್ಕೆ ಎರಡು ಸಲ, ಬೇಕಾದರೆ ಹೆಚ್ಚು ಸಲ, ಜಿಎನ್‌ಎಂ ಓದಿದ ನರ್ಸ್ ಬರುತ್ತಾರೆ.’

ನಾನು ಕೇಳುವ ಮೊದಲೇ ಆ ನರ್ಸ್‌ನ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರದ ನಕಲನ್ನು ಕೈಗಿತ್ತರು. ಎಎನ್‌ಎಂ ಎಂದರೆ ಎರಡು ವರ್ಷದ ಓದು, ಜಿಎನ್‌ಎಂ ಎಂದರೆ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ಎಂದರೆ ನಾಲ್ಕು ವರ್ಷ, ಮೂರಕ್ಕೂ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇರುತ್ತದೆ, ಸಂಖ್ಯೆ ಇಲ್ಲದವರನ್ನು ನರ್ಸ್ ಎನ್ನಬೇಡಿ ಎಂದು ಅವರು ನನ್ನ ಹೆಂಡತಿಗೆ ಪಾಠ ಹೇಳುವಂತೆ ಹೇಳಿದರು. ವ್ಯಾಪಾರಕ್ಕೆ ಕೂತವರು ತಮ್ಮ ಕಡೆಯವರನ್ನು ‘ಇವರು ನರ್ಸ್ ಅಲ್ಲ’ ಎಂದು ತಾವೇ ಮೊದಲು ಹೇಳಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಕೆಲಸದಲ್ಲಿಯೂ ಆ ಗೆರೆ ಅಳಿಸಲಿಲ್ಲ. ಸಹಾಯಕಿ ಗುಬ್ಬಿ ಕಡೆಯ ಹೆಣ್ಣುಮಗಳು, ತಾಯಿಯನ್ನು ‘ಅಜ್ಜಿ’ ಎಂದೇ ಕರೆಯುತ್ತಿದ್ದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ಸಮಯವನ್ನು ಪುಸ್ತಕದಲ್ಲಿ ಬರೆಯುತ್ತಿದ್ದಳು, ಅನ್ನ ಕೊಡುವಾಗ ತಲೆದಿಂಬು ಎತ್ತರಿಸುವುದನ್ನು ಒಂದು ದಿನವೂ ಮರೆಯಲಿಲ್ಲ. ಒಂದು ಭಾನುವಾರ ಕ್ಯಾತಿಟರ್ ಕಟ್ಟಿಕೊಂಡಾಗ, ‘ನಾನು ಮುಟ್ಟಲ್ಲ ಸಾರ್, ಅಕ್ಕ ಬರ್ತಾರೆ’ ಎಂದು ಫೋನ್ ಮಾಡಿದಳು. ನರ್ಸ್ ಬರಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತು ತಾಯಿ ಒದ್ದಾಡಿದ್ದು ನಿಜ, ಆದರೂ ಆ ಹೆಣ್ಣುಮಗಳು ಮಾಡಿದ್ದೇ ಸರಿ. ಬಳಸಿದ ಸೂಜಿಗಳನ್ನು, ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಯಲ್ಲಿ ಹಾಕಿಕೊಂಡು ನರ್ಸ್ ತಾವೇ ಒಯ್ಯುತ್ತಿದ್ದರು. ನಮ್ಮ ಬೀದಿಯಲ್ಲಿ ಪಾಲಿಕೆಯ ಗಾಡಿಗೆ ಕಸ ತುಂಬುವವರು ಬರಿಗೈಯಲ್ಲೇ ಚೀಲ ಬಿಚ್ಚುತ್ತಾರೆ, ಹಾಗಾಗಿ ಇದನ್ನು ಸಣ್ಣ ವಿಷಯವೆಂದು ನಾನು ಎಣಿಸುವುದಿಲ್ಲ.

ಕೊರತೆಗಳನ್ನೂ ಹೇಳಬೇಕು. ಅವರ ಕರಪತ್ರದಲ್ಲಿ ‘ಹಾಸ್ಪೈಸ್ ಕೇರ್’ ಎಂದು ಅಚ್ಚಾಗಿದೆ. ಆ ಪದವನ್ನು ಅವರು ತೆಗೆಯಬೇಕು, ಇಲ್ಲವೇ ಅದಕ್ಕೆ ತಕ್ಕಂತೆ ಬೆಳೆಯಬೇಕು. ಹಾಸ್ಪೈಸ್ ಎಂಬುದರ ಅರ್ಥ ತಿಳಿಯಬೇಕಾದವರು ಬೆಂಗಳೂರಿನ ಕರುಣಾಶ್ರಯವನ್ನು ನೋಡಬೇಕು. 1994ರಲ್ಲಿ ಸ್ಥಾಪನೆಯಾದ ಟ್ರಸ್ಟ್ ಅದನ್ನು ನಡೆಸುತ್ತಿದೆ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಹಣ ಪಡೆಯದೆ ಆರೈಕೆ ಮಾಡುತ್ತಾರೆ. ಅಂಥ ಆರೈಕೆಯ ನಡುಗಂಬ ಮಾರ್ಫಿನ್. ಅದು 1985ರ ಮಾದಕ ವಸ್ತುಗಳ ಕಾಯ್ದೆಯಡಿ ಬರುವ ಔಷಧಿ. ಹಲವು ಪರವಾನಗಿಗಳ ತೊಡಕಿನಿಂದ ರೋಗಿಗಳಿಗೆ ಸಿಗದೇ ಹೋಗುತ್ತಿದ್ದ ಅದನ್ನು 2014ರ ತಿದ್ದುಪಡಿ ‘ಅಗತ್ಯ ಮಾದಕ ಔಷಧಿ’ಗಳ ಸಾಲಿಗೆ ಸೇರಿಸಿ ದಾರಿ ಸುಗಮ ಮಾಡಿತು. ಈಗ ರಾಜ್ಯದ ಔಷಧ ನಿಯಂತ್ರಕರಿಂದ ‘ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ’ ಎನಿಸಿಕೊಂಡು, ನೋವು ಶಮನದಲ್ಲಿ ತರಬೇತಿ ಪಡೆದ ವೈದ್ಯರನ್ನು ಹೊಂದಿದ್ದರೆ ಆ ಸಂಸ್ಥೆ ಮಾರ್ಫಿನ್ ಇಟ್ಟುಕೊಂಡು ತನ್ನ ರೋಗಿಗಳಿಗೆ ಕೊಡಬಹುದು. ಇವರಿಗೆ ಆ ಮಾನ್ಯತೆ ಇಲ್ಲ. ಹೀಗಾಗಿ ನಾನು ಎರಡು ವಾರಕ್ಕೊಮ್ಮೆ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ, ಸರದಿಯಲ್ಲಿ ನಿಂತು, ಮಾತ್ರೆ ತರಬೇಕಾಯಿತು. ಒಮ್ಮೆ ಮಾತ್ರೆ ಮುಗಿದು ಒಂದು ರಾತ್ರಿ ತಾಯಿ ನರಳಿದ್ದನ್ನು ನಾನು ಮರೆಯಲಾರೆ. ತಂದ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ತಪ್ಪದೆ ಕೊಡಬೇಕು, ನೋವು ಬರಲಿ ಎಂದು ಕಾಯಬಾರದು, ಜೊತೆಗೆ ಮಲಬದ್ಧತೆಗೂ ಔಷಧಿ ಕೊಡಲೇಬೇಕು ಎಂಬುದನ್ನು ಮಾತ್ರ ಇವರ ನರ್ಸ್ ನಮಗೆ ಸರಿಯಾಗಿ ಕಲಿಸಿದರು. ನೋವು, ಸಂಕಟಗಳನ್ನು ತಗ್ಗಿಸುವ ‘ಉಪಶಮನ ಆರೈಕೆ’ (ಪ್ಯಾಲಿಯೇಟಿವ್ ಕೇರ್) ಎಂಬ ಪದವನ್ನು ಬಳಸಿದರೆ ಇವರ ಕೆಲಸಕ್ಕೆ ಒಪ್ಪುತ್ತದೆ, ಅದು ಕೊನೆಗಾಲಕ್ಕಷ್ಟೇ ಸೀಮಿತವಲ್ಲ, ಚಿಕಿತ್ಸೆಯ ಜೊತೆಜೊತೆಗೂ ನಡೆಯಬಹುದು.

ಇನ್ನೆರಡು ದೂರುಗಳಿವೆ. ಒಪ್ಪಂದದ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇದೆ. ತುಮಕೂರಿನಲ್ಲಿ ಕಾಯಿಲೆಯವರ ಮನೆಯಲ್ಲಿ ರುಜು ಹಾಕುವ ಕೈಗಳಲ್ಲಿ ಎಷ್ಟು ಕೈಗಳಿಗೆ ಆ ಭಾಷೆ ಓದಲು ಬರುತ್ತದೆಂದು ಅವರು ಯೋಚಿಸಬೇಕು. ದೀಪಾವಳಿಯ ವಾರದಲ್ಲಿ ಮೂರು ದಿನಕ್ಕೆ ಮೂವರು ಸಹಾಯಕಿಯರು ಬದಲಾದರು, ಒಬ್ಬಳಿಗೆ ಹಿಂದಿನವಳ ಪುಸ್ತಕ ಎಲ್ಲಿದೆಯೆಂದೂ ತಿಳಿದಿರಲಿಲ್ಲ. ದರ ನಮಗೆ ದಿನಕ್ಕೆ 850 ರೂಪಾಯಿ, ನರ್ಸ್‌ನ ಪ್ರತಿ ಭೇಟಿಗೆ 600 ರೂಪಾಯಿ ಬಿತ್ತು. ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ತೋರಿಸಿದ್ದರು.

ತಾಯಿ ಇನ್ನೊಮ್ಮೆ ಐಸಿಯುಗೆ ಹೋಗುವುದಿಲ್ಲ ಎಂದು ತಾವೇ ಹೇಳಿದ್ದರು. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಮುಂಗಡ ಇಚ್ಛಾಪತ್ರವನ್ನು ಸುಪ್ರೀಂ ಕೋರ್ಟು 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಮಾಡಿಸಿದರೆ ಸಾಕೆಂದಿರುವುದನ್ನು ನಮಗೆ ತಿಳಿಸಿದವರು ಈ ಸಂಸ್ಥೆಯ ವೈದ್ಯರೇ. ನೋಟರಿಯವರನ್ನು ಮನೆಗೆ ಕರೆಸಿ, ಇಬ್ಬರು ಸಾಕ್ಷಿಗಳ ಎದುರು ಅದನ್ನು ಮಾಡಿಸಿದೆವು. ತಾಯಿ ತೀರಿಕೊಂಡ ಬೆಳಗಿನ ಜಾವ ಅದೇ ವೈದ್ಯರು ಬಂದು, ಮನೆಯಲ್ಲಿ ಸಂಭವಿಸಿದ ಸಾವಿಗೆ ಕೊಡಬೇಕಾದ ನಮೂನೆ 4ಎ ಪ್ರಮಾಣಪತ್ರವನ್ನು ತುಂಬಿಕೊಟ್ಟರು. 21 ದಿನದೊಳಗೆ ಪಾಲಿಕೆಯಲ್ಲಿ ನೋಂದಣಿ ಮಾಡಿಸಿ ಎಂದು ನನ್ನ ಮಗಳಿಗೆ ಹೇಳಿ ಹೋದರು. ಆ ಗಳಿಗೆಯಲ್ಲಿ ಆ ಒಂದು ಹಾಳೆಗಾಗಿ ಯಾರ ಬಾಗಿಲನ್ನೂ ತಟ್ಟಬೇಕಾಗಲಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಮರುದಿನ ಮೇಲ್ವಿಚಾರಕಿ ಮತ್ತು ಗುಬ್ಬಿಯ ಆ ಹೆಣ್ಣುಮಗಳು ಇಬ್ಬರೂ ಬಂದರು. ಕರೆದವರಿಲ್ಲ, ಬಿಲ್ಲೂ ಇರಲಿಲ್ಲ. ನನ್ನ ಹೆಂಡತಿಯ ಜೊತೆ ಒಂದು ಗಂಟೆ ಕುಳಿತು, ಬಾಡಿಗೆಯ ಏರ್ ಬೆಡ್ಡನ್ನು ಮಡಿಸಿ ಕಟ್ಟಿದರು. ಉಳಿದಿದ್ದ ಮಾರ್ಫಿನ್ ಮಾತ್ರೆಗಳನ್ನು ಮೇಜಿನ ಮೇಲೆ ನನ್ನೆದುರೇ ಎಣಿಸಿದಾಗ ಹನ್ನೊಂದು ಇದ್ದವು. ಅದನ್ನು ಪುಸ್ತಕದ ಕೊನೆಯ ಸಾಲಿನಲ್ಲಿ ಬರೆದು ನನ್ನ ರುಜು ಹಾಕಿಸಿಕೊಂಡರು. ಮಾತ್ರೆಗಳನ್ನು ಕೊಟ್ಟ ಆಸ್ಪತ್ರೆಗೇ ಅವನ್ನು ಹಿಂದಿರುಗಿಸಿ ರಸೀದಿ ಪಡೆಯುವಂತೆ ತಿಳಿಸಿದರು, ಮುಂದಿನ ವಾರ ಬೆಂಗಳೂರಿಗೆ ಹೋದಾಗ ಹಾಗೆಯೇ ಮಾಡಿದೆ.