ಸ್ವಿಫ್ಟ್ 1.2 ಪೆಟ್ರೋಲ್: ವಾರಂಟಿ ಮುಗಿದ ಮೇಲಿನ ನಿರ್ವಹಣೆ, ಗ್ಯಾರೇಜಿನ ಎಸ್ಟಿಮೇಟ್ ಓದುವ ಬಗೆ

ಈ ವಿಮರ್ಶೆ 2018ರ ಫೆಬ್ರುವರಿಯಲ್ಲಿ ಬಂದ ಮೂರನೇ ತಲೆಮಾರಿನ ಮಾರುತಿ ಸುಜುಕಿ ಸ್ವಿಫ್ಟ್ ಬಗ್ಗೆ. ಎಂಜಿನ್ 1,197 ಸಿಸಿಯ ಕೆ12ಎಂ ಪೆಟ್ರೋಲ್, ಗೇರ್ ಬಾಕ್ಸ್ ಐದು ಗೇರಿನ ಮ್ಯಾನುಯಲ್. ಪಿಕಪ್, ಮೈಲೇಜ್ ವಿಚಾರ ಬೇಕಾದಷ್ಟು ಜನ ಬರೆದಿದ್ದಾರೆ. ವಾರಂಟಿ ಮುಗಿದ ಮೇಲೆ ಸರ್ವಿಸ್ ಅಡ್ವೈಸರ್ ಕೈಗೆ ಕೊಡುವ ಎಸ್ಟಿಮೇಟಿನಲ್ಲಿ ಯಾವ ಸಾಲು ನ್ಯಾಯ, ಯಾವುದು ಅಲ್ಲ ಎಂಬುದು ಇಲ್ಲಿನ ವಿಷಯ. 2021ರಲ್ಲಿ ಬಂದ ಕೆ12ಎನ್ ಡ್ಯುಯಲ್‌ಜೆಟ್ ಮತ್ತು 2024ರ ಮೂರು ಸಿಲಿಂಡರ್ ಎಂಜಿನ್ ಬೇರೆಯವು, ಇಲ್ಲಿನ ಆಯಿಲ್ ಅಳತೆಯನ್ನು ಅವಕ್ಕೆ ಹೊಂದಿಸಬೇಡಿ.

ಮೊದಲೇ ಹೇಳಿಬಿಡುತ್ತೇನೆ: ಕಾಲಕ್ಕೆ ಸರಿಯಾಗಿ ನೋಡಿಕೊಂಡರೆ ಇದು ಜೇಬಿಗೆ ಭಾರವಾಗದ ಕಾರು. ಭಾರ ಆಗುವುದು ಬೇಡದ ಕೆಲಸಗಳು ಬಿಲ್ಲಿಗೆ ಸೇರಿದಾಗ. ಬಹಳ ಜನ ಕೊನೆಯ ಮೊತ್ತ ನೋಡಿ ಚೌಕಾಸಿಗೆ ಇಳಿಯುತ್ತಾರೆ, ಸಾವಿರ ರೂಪಾಯಿ ಕಡಿಮೆಯಾದರೆ ಖುಷಿಪಟ್ಟು ಬರುತ್ತಾರೆ. ಕಡಿಮೆ ಮಾಡಿಸಿದ ಆ ಸಾವಿರ, ಮಾಡಿಸಲೇಬಾರದಿದ್ದ ಎರಡು ಸಾವಿರದ ಕೆಲಸದೊಳಗಿನದೇ ಆಗಿರಬಹುದು. ಅದಕ್ಕೆ ಸಾಲು ಸಾಲಾಗಿ ಓದಬೇಕು.

ಓದುವ ಮುಂಚೆ ಈ ಕಾರಿನಲ್ಲಿ ಏನೇನು ಇಲ್ಲ ಎಂದು ತಿಳಿದಿರಲಿ. ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಇಷ್ಟು ಕಿಲೋಮೀಟರಿಗೆ ಬೆಲ್ಟ್ ಬದಲಿಸಬೇಕೆಂಬ ಮಾತು ಇದಕ್ಕೆ ಅನ್ವಯಿಸದು. ಸ್ಟೀರಿಂಗ್ ಎಲೆಕ್ಟ್ರಿಕ್, ಹಾಗಾಗಿ ಪವರ್ ಸ್ಟೀರಿಂಗ್ ಆಯಿಲ್ ಎಂಬ ಸಾಲು ಬಿಲ್ಲಿನಲ್ಲಿ ಬಂದರೆ ಅದು ಸುಳ್ಳು ಸಾಲು. ಪ್ರತಿ ಸ್ಪಾರ್ಕ್ ಪ್ಲಗ್ಗಿನ ತಲೆಯ ಮೇಲೆಯೇ ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಕೂತಿರುವುದರಿಂದ ಹಳೆಯ ಕಾರುಗಳಂತೆ ಪ್ಲಗ್ ವೈರ್ ಸೆಟ್ ಇಲ್ಲ. ಹಿಂದಿನ ಸಸ್ಪೆನ್ಷನ್ ಟಾರ್ಷನ್ ಬೀಮ್ (ಎರಡು ಚಕ್ರಗಳನ್ನು ಜೋಡಿಸುವ ಒಂದೇ ತೊಲೆ), ಅಲ್ಲಿ ಕ್ಯಾಂಬರ್ (ಚಕ್ರ ಒಳಕ್ಕೆ ಅಥವಾ ಹೊರಕ್ಕೆ ವಾಲುವ ಕೋನ) ಸೆಟ್ ಮಾಡುವ ಬೋಲ್ಟೇ ಇಲ್ಲ. ಈ ನಾಲ್ಕು ಗೊತ್ತಿದ್ದರೆ ಎದುರಿಗಿರುವವರು ನಿಮ್ಮ ಕಾರನ್ನು ನೋಡಿ ಎಸ್ಟಿಮೇಟ್ ಬರೆದಿದ್ದಾರೋ, ಕಂಪ್ಯೂಟರಿನ ಸಿದ್ಧ ಪಟ್ಟಿಯನ್ನು ಒತ್ತಿದ್ದಾರೋ ಎಂದು ತಿಳಿಯುತ್ತದೆ.

ಬಿಡಿಭಾಗದ ಬೆಲೆ

ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ. ಪ್ಯಾಕೆಟ್ ಮೇಲಿನ ಎಂಆರ್‌ಪಿಯಲ್ಲಿ ಜಿಎಸ್‌ಟಿ ಸೇರಿಯೇ ಇರುತ್ತದೆ. ಬಿಲ್ಲಿನಲ್ಲಿ ಮೂಲಬೆಲೆ ಬೇರೆ, ತೆರಿಗೆ ಬೇರೆ ತೋರಿಸುವುದು ಸರಿಯಾದ ಕ್ರಮವೇ, ಆದರೆ ಎರಡನ್ನೂ ಕೂಡಿದಾಗ ಎಂಆರ್‌ಪಿ ದಾಟಬಾರದು. ಉದಾಹರಣೆಗೆ, ಎಂಆರ್‌ಪಿ 1,180 ರೂ. ಇರುವ ಭಾಗಕ್ಕೆ ಮೂಲಬೆಲೆ 1,000, ಸಿಜಿಎಸ್‌ಟಿ 90, ಎಸ್‌ಜಿಎಸ್‌ಟಿ 90. ಮೂಲಬೆಲೆಯ ಜಾಗದಲ್ಲಿ 1,180 ಬರೆದು ಅದರ ಮೇಲೆ ಮತ್ತೆ 18% ಹಾಕಿದರೆ 1,392 ರೂ. ದಾಟುತ್ತದೆ. ಇದು ಎಂಆರ್‌ಪಿಗಿಂತ ಹೆಚ್ಚು ವಸೂಲಿ, ಕಾನೂನಿಗೆ ವಿರುದ್ಧ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆಲ್ಲ ಒಂದೇ 18% ದರ. ಅದಕ್ಕೂ ಮುಂಚೆ ಬಹುಪಾಲು ಭಾಗಗಳಿಗೆ 28% ಇತ್ತು. ಅದಕ್ಕಿಂತ ಹಳೆಯ ಎಸ್ಟಿಮೇಟ್ ಇಟ್ಟುಕೊಂಡು ಹೋಲಿಸುವವರು ತೆರಿಗೆ ಬಿಟ್ಟು ಮೂಲಬೆಲೆಗೆ ಮೂಲಬೆಲೆ ಹೋಲಿಸಿ. ಲೇಬರ್ ಮೇಲಿನ 18% ಮಾತ್ರ ಪ್ರತ್ಯೇಕವಾಗಿ ಸೇರುತ್ತದೆ, ಅದರಲ್ಲಿ ತಪ್ಪಿಲ್ಲ.

ಎಸ್ಟಿಮೇಟಿನಲ್ಲಿ ಪಾರ್ಟ್ ನಂಬರ್ ಬರೆಸಿಕೊಳ್ಳಿ. ನಂಬರ್ ಕೈಯಲ್ಲಿದ್ದರೆ ಕಂಪನಿಯ ಜೆನ್ಯೂನ್ ಪಾರ್ಟ್ಸ್ ವೆಬ್‌ಸೈಟಿನಲ್ಲಿ ಬೆಲೆ ನೋಡಬಹುದು, ಬೆಂಗಳೂರಿನವರು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಫೋನ್ ಮಾಡಿಯೇ ಕೇಳಬಹುದು. ಬಿಡಿಭಾಗ ಹೊರಗೆ ಕೊಳ್ಳುವುದು ತಪ್ಪು ಎಂಬ ಅಳುಕು ಬೇಡ. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತ್ತು. ಬದಲಿಸಿದ ಹಳೆಯ ಭಾಗವನ್ನು ಡಿಕ್ಕಿಯಲ್ಲಿಡಲು ಜಾಬ್ ಕಾರ್ಡ್ (ಮಾಡಬೇಕಾದ ಕೆಲಸಗಳ ಪಟ್ಟಿ) ಮೇಲೆಯೇ ಬರೆಸಿ. ಬಾಯಿಮಾತು ವರ್ಕ್‌ಶಾಪಿನ ಒಳಗೆ ತಲುಪುವುದಿಲ್ಲ.

ಲೇಬರಿಗೆ ಗಂಟೆಯೇ ಅಳತೆ. ಮುಂದಿನ ಬ್ರೇಕ್ ಪ್ಯಾಡ್ ಬದಲಿಸಲು ಸುಮಾರು ಒಂದು ಗಂಟೆ, ನಾಲ್ಕು ಸ್ಪಾರ್ಕ್ ಪ್ಲಗ್ಗಿಗೆ ಅರ್ಧ ಗಂಟೆ, ಕ್ಲಚ್ಚಿಗೆ ಗೇರ್ ಬಾಕ್ಸ್ ಇಳಿಸಬೇಕಾದ್ದರಿಂದ ಹೆಚ್ಚುಕಡಿಮೆ ಅರ್ಧ ದಿನ. ಗಂಟೆಯ ದರ ಕೇಳಿ, ಗುಣಿಸಿ ನೋಡಿ.

ವಾರ್ಷಿಕ ಸರ್ವಿಸ್

10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಕಾರು ಹೆಚ್ಚು ನಿಂತೇ ಇರುವ ಮನೆಗಳಲ್ಲಿ ವರ್ಷದ ಲೆಕ್ಕ ಬಿಡುತ್ತಾರೆ, ಅದು ಸರಿಯಲ್ಲ. ಎರಡು ಕಿಲೋಮೀಟರಿನ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಆಯಿಲಿನಲ್ಲಿ ಸೇರಿದ ತೇವ ಮತ್ತು ಪೆಟ್ರೋಲ್ ಅಂಶ ಆವಿಯಾಗಿ ಹೋಗದೆ ಅಲ್ಲೇ ಉಳಿಯುತ್ತವೆ.

ಫಿಲ್ಟರ್ ಸಮೇತ ಆಯಿಲ್ ಬದಲಿಸಿದರೆ ಹಿಡಿಯುವುದು 3.1 ಲೀಟರ್. ಬಿಲ್ಲಿನಲ್ಲಿ ಮೂರೂವರೆ, ನಾಲ್ಕು ಲೀಟರ್ ಕಂಡರೆ ಉಳಿದದ್ದು ಎಲ್ಲಿಗೆ ಹೋಯಿತೆಂದು ಕೇಳಿ: ಡಬ್ಬದಲ್ಲಿ ಮಿಕ್ಕಿದ್ದರೆ ಅದು ನಿಮ್ಮದು. ನಿಜಕ್ಕೂ ಎಂಜಿನ್ನಿಗೇ ಸುರಿದಿದ್ದರೆ ಇನ್ನೂ ಕೆಟ್ಟದ್ದು. ಮಟ್ಟ ಮೀರಿದ ಆಯಿಲನ್ನು ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ದಂಡ ಕಡೆದು ನೊರೆ ಮಾಡುತ್ತದೆ, ನೊರೆಗೆ ಸರಿಯಾದ ಒತ್ತಡ ಬರುವುದಿಲ್ಲ, ಬ್ರೀದರ್ (ಎಂಜಿನ್ನಿನ ಆವಿ ಹೊರಬಿಡುವ ಕೊಳವೆ) ದಾರಿಯಲ್ಲಿ ಆಯಿಲ್ ಗಾಳಿ ಒಳಹೋಗುವ ಇಂಟೇಕಿಗೆ ಹೋಗುತ್ತದೆ. ಕಾರು ಕೈಗೆ ಬಂದಾಗ ಸಮತಟ್ಟಾದ ಜಾಗದಲ್ಲಿ ಎಂಜಿನ್ ಆರಿಸಿ ಐದಾರು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮೇಲಿನ ಗುರುತಿನ ಒಳಗೇ ಇರಬೇಕು. ಗ್ರೇಡ್ ನಿಮ್ಮ ಕಾರಿನ ಕೈಪಿಡಿಯಲ್ಲಿ ಇರುವುದನ್ನೇ ಹಾಕಿಸಿ. ಡ್ರೇನ್ ಬೋಲ್ಟಿನ ವಾಷರ್ ಕೆಲವೇ ರೂಪಾಯಿಯದು, ಆದರೂ ಬಿಲ್ಲಿನಲ್ಲಿ ಆ ಸಾಲು ಇರಬೇಕು. ಹಳೆಯ ವಾಷರನ್ನೇ ಹಾಕಿ, ಜಿನುಗಬಾರದೆಂದು ಬೋಲ್ಟನ್ನು ವಿಪರೀತ ಬಿಗಿದರೆ ಮುಂದೊಂದು ದಿನ ಸಂಪಿನ (ಎಂಜಿನ್ ಕೆಳಗಿನ ಆಯಿಲ್ ತಟ್ಟೆಯ) ಥ್ರೆಡ್ ಹೋಗುತ್ತದೆ, ಆಗ ದೊಡ್ಡ ಖರ್ಚು.

ಏರ್ ಫಿಲ್ಟರ್ ಪ್ರತಿ ಸರ್ವಿಸಿಗೂ ಬದಲಿಸುವ ವಸ್ತುವಲ್ಲ. ಡಾಂಬರು ರಸ್ತೆಯ ಓಡಾಟದಲ್ಲಿ ಸ್ವಚ್ಛಗೊಳಿಸಿಕೊಂಡು 40,000 ಕಿ.ಮೀ. ತನಕ ನಡೆಯುತ್ತದೆ. ಬಳ್ಳಾರಿ, ಸಂಡೂರು ಕಡೆಯ ಗಣಿ ಧೂಳಿನಲ್ಲಿ ಓಡುವ ಕಾರಿಗೆ ಮಾತ್ರ ಆ ಲೆಕ್ಕ ಬೇಡ, ಅದಕ್ಕಿಂತ ಬಹಳ ಮುಂಚೆಯೇ ಬದಲಿಸಿ. ಎಸಿಯ ಕ್ಯಾಬಿನ್ ಫಿಲ್ಟರ್ ಗ್ಲವ್ ಬಾಕ್ಸಿನ ಹಿಂದೆ ಇದೆ. ಗ್ಲವ್ ಬಾಕ್ಸ್ ಬಿಚ್ಚಿ, ಮುಚ್ಚಳ ತೆಗೆದು, ಬಾಣದ ಗುರುತು ನೋಡಿ ಹೊಸದನ್ನು ಕೂರಿಸಿದರೆ ಮುಗಿಯಿತು. ಅದಕ್ಕೆ ಲೇಬರ್ ಕೊಡಬೇಡಿ.

ಇನ್ನು ಸೇರಿಸುವ ಸಾಲುಗಳು: ಎಂಜಿನ್ ಫ್ಲಶ್ (ಒಳಭಾಗ ತೊಳೆಯುವುದು), ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ (ಎಂಜಿನ್ನಿಗೆ ಹೋಗುವ ಗಾಳಿಯ ಕವಾಟ) ಕ್ಲೀನಿಂಗ್, ಎಂಜಿನ್ ಡ್ರೆಸ್ಸಿಂಗ್ (ಹೊರಗೆ ಹೊಳಪು ಕೊಡುವುದು), ಎಸಿ ಡಿಸ್‌ಇನ್ಫೆಕ್ಟಂಟ್, ಅಂಡರ್‌ಬಾಡಿ ಕೋಟಿಂಗ್. ಕಾಲಕ್ಕೆ ಆಯಿಲ್ ಬದಲಾದ ಎಂಜಿನ್ನಿಗೆ ಫ್ಲಶ್ ಬೇಕಿಲ್ಲ. ಥ್ರಾಟಲ್ ಬಾಡಿ ಕ್ಲೀನಿಂಗಿಗೆ ಕಾರಣ ಬೇಕು: ಐಡ್ಲಿಂಗ್ (ಕಾರು ನಿಂತಾಗಿನ ಎಂಜಿನ್ ವೇಗ) ಏರಿಳಿತ, ಸಿಗ್ನಲ್ಲಿನಲ್ಲಿ ಆರಿಹೋಗುವುದು. ಲಕ್ಷಣವಿಲ್ಲದೆ ಮಾಡಿಸಬೇಡಿ. ಮಾಡಿಸಿದರೆ ಸ್ಕ್ಯಾನರ್ ಹಾಕಿ ಐಡಲ್ ರೀಲರ್ನ್ (ಎಂಜಿನ್ ಕಂಪ್ಯೂಟರಿಗೆ ಐಡ್ಲಿಂಗ್ ಮತ್ತೆ ಕಲಿಸುವುದು) ಮಾಡುತ್ತಾರಾ ಎಂದು ಕೇಳಿ, ಇಲ್ಲದಿದ್ದರೆ ಒಳ್ಳೆಯದಿದ್ದ ಐಡ್ಲಿಂಗ್ ಕೆಟ್ಟೀತು. ಅಂಡರ್‌ಬಾಡಿ ಕೋಟಿಂಗ್ ಮಾತ್ರ ಊರಿನ ಮೇಲೆ ನಿಂತ ಮಾತು. ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಅದು ದುಡ್ಡಿಗೆ ತಕ್ಕ ಕೆಲಸ. ಕಲಬುರಗಿಯ ಒಣಹವೆಯಲ್ಲಿ ಅದೇ ದುಡ್ಡು ಟೈರಿಗೆ ಇಟ್ಟುಕೊಳ್ಳಿ.

ಕೂಲಂಟ್ ಮಟ್ಟ ಇಳಿದಿದೆ ಎಂದು ಬೋರ್‌ವೆಲ್ ನೀರು ಸುರಿಯುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ದಾರಿಯಲ್ಲಿ ತುರ್ತಿಗೆ ಸುರಿದರೂ, ಊರಿಗೆ ಬಂದ ಮೇಲೆ ಪೂರ್ತಿ ಇಳಿಸಿ ಹೊಸ ಕೂಲಂಟ್ ಹಾಕಿಸಿ.

ಬ್ರೇಕ್

ಮುಂದೆ ಡಿಸ್ಕ್, ಹಿಂದೆ ಡ್ರಮ್. ಪ್ಯಾಡ್ ಮುಗಿದಿದೆ ಎಂದರೆ ಎಷ್ಟು ಮಿ.ಮೀ. ಉಳಿದಿದೆ ಎಂದು ಅಳತೆ ಕೇಳಿ. 3 ಮಿ.ಮೀ. ಆಸುಪಾಸಿಗೆ ಬಂದಿದ್ದರೆ ಬದಲಿಸುವುದು ನ್ಯಾಯ, 5–6 ಇದ್ದರೆ ಇನ್ನೂ ಓಡಿಸಬಹುದು. ಒಳಗಿನ ಪ್ಯಾಡ್ ಸವೆದು ಹೊರಗಿನದು ದಪ್ಪವೇ ಇದ್ದರೆ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಪಿನ್ ಸರಿದಾಡದೆ ಹಿಡಿದುಕೊಂಡಿರುವ ಸಾಧ್ಯತೆ ಹೆಚ್ಚು. ಪಿನ್ ಬಿಚ್ಚಿ, ತೊಳೆದು, ಅದರದೇ ಗ್ರೀಸ್ ಹಚ್ಚದೆ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ. ಡಿಸ್ಕ್ ಬದಲಿಸಬೇಕೆಂದರೆ ಅದರ ಮೇಲೆ ಕನಿಷ್ಠ ದಪ್ಪದ ಅಂಕಿ ಅಚ್ಚಾಗಿರುತ್ತದೆ, ಅಳೆದು ತೋರಿಸಲಿ. ಪೆಡಲ್ ನಡುಗದಿದ್ದರೆ ಡಿಸ್ಕ್ ಸ್ಕಿಮ್ಮಿಂಗ್ (ಮೇಲ್ಮೈ ತುಸು ಕೆತ್ತಿ ಸಮ ಮಾಡುವುದು) ಬೇಡ.

ಬ್ರೇಕ್ ಫ್ಲೂಯಿಡ್ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬೇಡಿ ಎಂದು ಒತ್ತಿ ಹೇಳುತ್ತೇನೆ. ಅದು ಗಾಳಿಯ ತೇವ ಹೀರುವ ದ್ರವ. ಡಾಟ್ 3 ದರ್ಜೆಯ ಫ್ಲೂಯಿಡ್ ಹೊಸದಾಗಿದ್ದಾಗ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್. ತೇವ ಹೀರಿದ ಮೇಲೆ ಮಾನದಂಡ ಕೇಳುವುದು 140 ಮಾತ್ರ. ಡಾಟ್ 4ಕ್ಕೆ ಇದೇ ಅಂಕಿ 230 ಮತ್ತು 155. ಶಿರಾಡಿ, ಚಾರ್ಮಾಡಿ, ಆಗುಂಬೆ ಇಳಿಯುವಾಗ ತುಂಬಿದ ಕಾರಿನ ಬ್ರೇಕ್ ಕಾದು ಹಳೆಯ ಫ್ಲೂಯಿಡ್ ಕುದಿದರೆ ಕೊಳವೆಯಲ್ಲಿ ಆವಿ ಕಟ್ಟುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಬಿಲ್ಲಿನಲ್ಲಿ 250 ಮಿ.ಲೀ. ಮಾತ್ರ ಇದ್ದರೆ ಮೇಲಿನ ಡಬ್ಬಿಯದನ್ನಷ್ಟೇ ಹೀರಿ ತುಂಬಿದ್ದಾರೆ ಎಂದೇ ಅರ್ಥ. ನಾಲ್ಕೂ ಚಕ್ರದ ಬ್ಲೀಡರಿನಿಂದ (ದ್ರವ ಇಳಿಸುವ ತಿರುಪು) ತಿಳಿ ದ್ರವ ಬರುವ ತನಕ ಇಳಿಸಲು ಅರ್ಧ ಲೀಟರ್ ಅಥವಾ ಅದಕ್ಕೂ ಹೆಚ್ಚು ಬೇಕು.

ಸಸ್ಪೆನ್ಷನ್

ಈ ಕಾರಿನಲ್ಲಿ ದೂರು ಹೇಳಬೇಕಾದ ಜಾಗ ಇದು. ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ., ನಮ್ಮ ಊರುಗಳ ಅಳತೆಯಿಲ್ಲದ ಹಂಪುಗಳಿಗೆ ಸಾಲದು. ಮುಂದಿನ ಬುಷ್‌ಗಳೂ (ಕೀಲುಗಳ ರಬ್ಬರ್) ಲಿಂಕ್ ರಾಡುಗಳೂ (ಸಸ್ಪೆನ್ಷನ್ನಿನ ಜೋಡುಸರಳು) ಏಟು ತಿನ್ನುತ್ತವೆ. ಎಸ್ಟಿಮೇಟಿನಲ್ಲಿ ‘ಸಸ್ಪೆನ್ಷನ್ ಓವರ್‌ಹಾಲ್’ ಎಂದು ಒಂದೇ ಸಾಲು ಇದ್ದರೆ ಒಪ್ಪಬೇಡಿ. ಸದ್ದು ಎಲ್ಲಿಂದ ಎಂದು ಗುರುತಿಸಬಹುದು. ನಿಧಾನದಲ್ಲಿ ಸಣ್ಣ ಗುಂಡಿಗಳ ಮೇಲೆ ಟಕಟಕ ಎಂದರೆ ಸಾಮಾನ್ಯವಾಗಿ ಲಿಂಕ್ ರಾಡ್. ಬ್ರೇಕ್ ಒತ್ತಿದಾಗ ಅಥವಾ ಕ್ಲಚ್ ಬಿಟ್ಟಾಗ ಒಂದೇ ದಢ್ ಎಂದರೆ ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಬುಷ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಕಟ್ ಎಂದರೆ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗಿನ ಜೋಡಣೆ) ಮೌಂಟ್ ಅಥವಾ ಬೇರಿಂಗ್. ಸ್ಟ್ರಟ್ ಬದಲಿಸಬೇಕಾದದ್ದು ಆಯಿಲ್ ಸೋರಿ ಒದ್ದೆಯಾಗಿದ್ದರೆ ಅಥವಾ ಹಂಪು ದಾಟಿದ ಮೇಲೂ ಕಾರು ಮತ್ತೆ ಮತ್ತೆ ಪುಟಿದರೆ. ಆಗ ಎಡಬಲ ಜೋಡಿಯಾಗಿಯೇ ಬದಲಿಸಿ. ಕಾರನ್ನು ಲಿಫ್ಟಿಗೆ ಏರಿಸಿ, ಲಿವರ್ ಹಾಕಿ ಬುಷ್ ಅಲ್ಲಾಡಿಸಿ, ಟಾರ್ಚ್ ಬೆಳಕಲ್ಲಿ ರಬ್ಬರಿನ ಬಿರುಕು ತೋರಿಸಲು ಹೇಳಿ.

ಬಹಳ ಗ್ಯಾರೇಜುಗಳಲ್ಲಿ ತಪ್ಪುವ ಒಂದು ಹೆಜ್ಜೆ ಇದೆ. ಲೋಯರ್ ಆರ್ಮಿನ ಬುಷ್ ಬೋಲ್ಟಿನ ಕೊನೆಯ ಬಿಗಿ ಚಕ್ರ ನೆಲದ ಮೇಲಿದ್ದು ಕಾರಿನ ಭಾರ ಬಿದ್ದಾಗ ಆಗಬೇಕು. ಚಕ್ರ ಜೋತಾಡುತ್ತಿರುವಾಗಲೇ ಬಿಗಿದರೆ, ಕಾರು ಇಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಆಮೇಲೆ ‘ಪಾರ್ಟೇ ಸರಿಯಿಲ್ಲ’ ಎಂದು ಇನ್ನೊಂದು ಎಸ್ಟಿಮೇಟ್ ಬರುತ್ತದೆ.

ಈ ಕೆಲಸದ ಬೆನ್ನಿಗೆ ವೀಲ್ ಅಲೈನ್‌ಮೆಂಟ್ ಬೇಕೇ ಬೇಕು. ಮುಂದೆ ನಿಜವಾಗಿ ಹೊಂದಿಸಲು ಬರುವುದು ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಮಾತ್ರ. ಟೈರ್ ಅಂಗಡಿಯಲ್ಲಿ ‘ಕ್ಯಾಂಬರ್ ಔಟ್ ಆಗಿದೆ’ ಎಂದು ಜ್ಯಾಕ್ ಇಟ್ಟು ಬಗ್ಗಿಸಲು ಹೊರಟರೆ ಬಿಡಬೇಡಿ. ಸ್ಟ್ರಟ್ ಅಥವಾ ಸ್ಟೀರಿಂಗ್ ನಕಲ್ (ಚಕ್ರದ ಹಬ್ ಹಿಡಿಯುವ ಭಾಗ) ಬಗ್ಗಿದ್ದರೆ ಅದನ್ನು ಬದಲಿಸಬೇಕೇ ಹೊರತು ಎದುರು ದಿಕ್ಕಿಗೆ ಬಗ್ಗಿಸಿ ಸರಿ ಮಾಡುವಂಥದ್ದಲ್ಲ. ಅಲೈನ್‌ಮೆಂಟಿನ ಮೊದಲಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ತೆಗೆದುಕೊಳ್ಳಿ.

ಬ್ಯಾಟರಿ, ಕ್ಲಚ್, ಎಸಿ

ಬ್ಯಾಟರಿಗೆ ಮೂರು ಅಂಕಿ ಸಾಕು: ರಾತ್ರಿಯಿಡೀ ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್, ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗಿಳಿಯಬಾರದು, ಎಂಜಿನ್ ಓಡುವಾಗ 13.8ರಿಂದ 14.5. ಕೊನೆಯದು ಬರದಿದ್ದರೆ ತಪ್ಪು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ, ಹೊಸ ಬ್ಯಾಟರಿ ಹಾಕಿದರೂ ಇಳಿಯುತ್ತದೆ.

ಕ್ಲಚ್ ಮುಗಿದಿದೆಯೇ ಎಂದು ನೋಡಲು ಖಾಲಿ ಏರುರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಜಿಗಿದು ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎಸ್ಟಿಮೇಟಿನಲ್ಲಿ ಡಿಸ್ಕ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಇರಲಿ. ಬೇರಿಂಗ್ ಉಳಿಸಲು ಹೋದರೆ ಮುಂದೆ ಅದೇ ಲೇಬರ್ ಎರಡನೇ ಸಲ ಕೊಡಬೇಕು. ಗೇರ್ ಬಾಕ್ಸ್ ಇಳಿದಿರುವಾಗಲೇ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಜಿನುಗುತ್ತಿದೆಯೇ ನೋಡಿಸಿ, ಗೇರ್ ಆಯಿಲನ್ನೂ ಹೊಸದು ಹಾಕಿಸಿ.

ಎಸಿ ವ್ಯವಸ್ಥೆ ಮುಚ್ಚಿದ ವ್ಯವಸ್ಥೆ, ವರ್ಷ ವರ್ಷ ‘ಗ್ಯಾಸ್ ಟಾಪ್‌ಅಪ್’ ಬೇಕಾಗುವುದಿಲ್ಲ. ತಂಪು ತೀರಾ ಕಡಿಮೆಯಾಗಿ, ಗ್ಯಾಸ್ ಇಳಿದದ್ದು ಗೇಜಿನಲ್ಲಿ ಕಂಡರೆ ಎಲ್ಲೋ ಸೋರಿಕೆಯಿದೆ. ಅದನ್ನು ಹುಡುಕದೆ ತುಂಬಿದ ಗ್ಯಾಸ್ ಮತ್ತೆ ಹೋಗುತ್ತದೆ. ನ್ಯಾಯವಾದ ಎಸ್ಟಿಮೇಟಿನಲ್ಲಿ ಸೋರಿಕೆಯ ಪರೀಕ್ಷೆ, ಸೋರಿದ ಓ-ರಿಂಗ್ ಅಥವಾ ಭಾಗ, ಅರ್ಧ ಗಂಟೆಯ ವ್ಯಾಕ್ಯೂಮ್ (ಒಳಗಿನ ಗಾಳಿ ಹೀರಿ ತೆಗೆಯುವುದು), ಆಮೇಲೆ ತೂಕ ಹಾಕಿ ತುಂಬಿದ ಆರ್134ಎ ಗ್ಯಾಸ್, ಇಷ್ಟೂ ಬೇರೆ ಬೇರೆ ಸಾಲಿನಲ್ಲಿರುತ್ತವೆ. ಎಷ್ಟು ಗ್ರಾಂ ತುಂಬಬೇಕು ಎಂಬುದು ಬಾನೆಟ್ ಕೆಳಗಿನ ಸ್ಟಿಕರ್ ಮೇಲೆ ಅಚ್ಚಾಗಿದೆ. ಯಂತ್ರ ಹೊರತೆಗೆದದ್ದು ಎಷ್ಟು, ಒಳಗೆ ಹಾಕಿದ್ದು ಎಷ್ಟು ಎಂದು ಬಿಲ್ಲಿನ ಮೇಲೆಯೇ ಗ್ರಾಂ ಲೆಕ್ಕದಲ್ಲಿ ಬರೆಸಿಕೊಂಡು, ಆ ಸ್ಟಿಕರಿನೊಂದಿಗೆ ತಾಳೆ ನೋಡಿದ ಮೇಲೆ ದುಡ್ಡು ಕೊಡಿ.